ಛಾವಣಿಯ ಬೆಳಕನ್ನು ನಿರ್ಧರಿಸುವವರು ಯಾರು?

ಬೆಂಗಳೂರಿನ ಯಾವುದೇ ಹೊಸ ವಸತಿ ಸಮುಚ್ಚಯದ ಗೃಹಪ್ರವೇಶಕ್ಕೆ ಹೋದರೂ ಈಗ ಕಾಣುವುದು ಹೆಚ್ಚುಕಡಿಮೆ ಒಂದೇ ನೋಟ. ನಡುಮನೆಯ ನೆತ್ತಿಗೆ ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗ್, ಅದರ ಅಂಚಿನಲ್ಲಿ ಅಡಗಿದ ಬೆಳಕಿನ ಪಟ್ಟಿ, ಮೈತುಂಬ ಕೊರೆದು ಕೂರಿಸಿದ ಹದಿನೆಂಟು ಇಪ್ಪತ್ತು ಎಲ್‌ಇಡಿ ದೀಪಗಳು. ಮನೆಯವರು ಒಂದೊಂದೇ ಸ್ವಿಚ್ ಒತ್ತಿ ತೋರಿಸುತ್ತಾರೆ, ಬಂದವರು ಕತ್ತೆತ್ತಿ ಮೆಚ್ಚುತ್ತಾರೆ. ಅದೇ ಮನೆಯ ಅಜ್ಜ ಪತ್ರಿಕೆ ಹಿಡಿದು ಬಾಲ್ಕನಿಯತ್ತ ನಡೆಯುವುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. 15 ಅಡಿಗೆ 12 ಅಡಿಯ ಕೋಣೆಯೆಂದರೆ ಸುಮಾರು 17 ಚದರ ಮೀಟರು. ಅಲ್ಲಿ 12 ವಾಟಿನ 20 ದೀಪಗಳಿವೆ ಎಂದುಕೊಳ್ಳಿ. ವಾಟಿಗೆ 90 ಲ್ಯೂಮೆನ್‌ನಂತೆ 21,600 ಲ್ಯೂಮೆನ್ ಆಯಿತು. ಅದರಲ್ಲಿ ಅರ್ಧ ಮಾತ್ರ ಉಪಯುಕ್ತ ಎತ್ತರಕ್ಕೆ ತಲುಪಿದರೂ 600 ಲಕ್ಸ್ ಮೀರುತ್ತದೆ. ಕಚೇರಿಯ ಮೇಜಿಗೆ ಬೇಕಾದದ್ದು 300ರಿಂದ 500 ಲಕ್ಸ್. ಅಂದರೆ ವಿಶ್ರಾಂತಿಗೆಂದು ಕೂರುವ ಕೋಣೆಯನ್ನು ನಾವು ಕಚೇರಿಗಿಂತ ಹೆಚ್ಚು ಬೆಳಗುತ್ತಿದ್ದೇವೆ.

ಹಾಗಿದ್ದರೂ ಅಜ್ಜನಿಗೆ ಓದಲಾಗದೇಕೆ? ಛಾವಣಿಯಿಂದ ನೇರವಾಗಿ ಬೀಳುವ ಬೆಳಕಿನಲ್ಲಿ ಓದುವವನ ತಲೆಯ ನೆರಳೇ ಪುಟದ ಮೇಲೆ ಬೀಳುತ್ತದೆ. ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವುದು ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ. ಸಾಲದ್ದಕ್ಕೆ, ವಯಸ್ಸಾದ ಕಣ್ಣಿನ ಮಸೂರದಲ್ಲಿ ಬೆಳಕು ಚದುರಿ ಕಣ್ಣು ಕೋರೈಸುತ್ತದೆ. ವೃದ್ಧರಿಗೆ ಪುಟದ ಮೇಲೆ ಹೆಚ್ಚು ಬೆಳಕು ಬೇಕು, ಕಣ್ಣಿಗೆ ನೇರವಾಗಿ ಕಡಿಮೆ ಬೆಳಕು ಬೇಕು. ಬರಿಗಣ್ಣಿಗೆ ಕಾಣುವ ಇಪ್ಪತ್ತು ಬಿಂದುಗಳು ಇದರ ತದ್ವಿರುದ್ಧವನ್ನು ಮಾಡುತ್ತವೆ. ದಿವಾನದ ಮೇಲೆ ಮಲಗಿದವರ ಪಾಡನ್ನಂತೂ ಕೇಳುವುದೇ ಬೇಡ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಜೆವೊನ್ಸ್ ನೆನಪಾಗುತ್ತಾನೆ. ಉಗಿಯಂತ್ರ ದಕ್ಷವಾದಷ್ಟೂ ಕಲ್ಲಿದ್ದಲಿನ ಬಳಕೆ ಏರುತ್ತದೆಂದು ಅವನು 1865ರಲ್ಲೇ ವಾದಿಸಿದ್ದ. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಉಜಾಲಾ ಯೋಜನೆಯನ್ನು ಆರಂಭಿಸಿತು. ನಮ್ಮ ರಾಜ್ಯದಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂತು. ಸಗಟು ಖರೀದಿಯ ಬಲದಿಂದ, 2014ರಲ್ಲಿ 310 ರೂಪಾಯಿಯಿದ್ದ ಬಲ್ಬಿನ ಖರೀದಿ ದರ 2016ರಲ್ಲಿ 38 ರೂಪಾಯಿಗೆ ಇಳಿಯಿತು. ಸರ್ಕಾರಿ ಖರೀದಿಯ ಚರಿತ್ರೆಯಲ್ಲಿ ಇಂಥ ಯಶಸ್ಸು ಅಪರೂಪ. ಆದರೆ ಒಂದು ಟ್ಯೂಬ್‌ಲೈಟಿನ 50 ವಾಟಿನಲ್ಲಿ ಸಂಸಾರ ನಡೆಸಿದ ನಡುಮನೆ ಈಗ 240 ವಾಟ್ ಬೇಡುತ್ತಿದೆ. ದಿನಕ್ಕೆ ಐದು ಗಂಟೆ ಉರಿಸಿದರೆ ತಿಂಗಳಿಗೆ 36 ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲನ್ನು ತೆರಬೇಕಾಗುವುದರಿಂದ, ಆ ಗಡಿಯ ಆಸುಪಾಸಿನಲ್ಲಿರುವ ಕುಟುಂಬಕ್ಕೆ ಈ 36 ಯೂನಿಟ್ ಸಣ್ಣ ಸಂಖ್ಯೆಯಲ್ಲ.

ಇದಕ್ಕೆಲ್ಲ ಮನೆಯೊಡೆಯರ ಆಡಂಬರವೇ ಕಾರಣವೆನ್ನುವುದು ಸುಲಭ. ನಾನು ಹಾಗೆ ಹೇಳಲಾರೆ. ಮೂಲ ಇರುವುದು ಕಾಂಕ್ರೀಟಿನಲ್ಲಿ. ಛಾವಣಿಗೆ ತಂತಿ ಹೋಗುವ ಕೊಳವೆಗಳನ್ನು ಸ್ಲ್ಯಾಬ್ ಹಾಕುವ ಮುನ್ನವೇ ಕಬ್ಬಿಣದ ಸರಳುಗಳ ನಡುವೆ ಹುದುಗಿಸಬೇಕು. ನಮ್ಮಲ್ಲಿ ರೂಢಿಯಂತೆ ಕೋಣೆಯ ನಟ್ಟನಡುವೆ ಒಂದು ಫ್ಯಾನಿನ ಕೊಕ್ಕೆ, ಗೋಡೆಗಳಲ್ಲಿ ಒಂದೆರಡು ದೀಪದ ಬಿಂದು, ಮುಗಿಯಿತು. ಮಂಚ ಎಲ್ಲಿ, ಊಟದ ಮೇಜು ಎಲ್ಲಿ, ದೇವರ ಗೂಡು ಎಲ್ಲಿ ಎಂದು ವಾಸಿಸುವವರನ್ನು ಯಾರೂ ಕೇಳಿರುವುದಿಲ್ಲ. ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ಯುವ ಈಗಿನ ಬಹುಮಹಡಿಗಳಲ್ಲಿ ಗೋಡೆಯೂ ಕಾಂಕ್ರೀಟೇ ಆದ್ದರಿಂದ ಆಮೇಲೆ ಕೊರೆಯುವಂತಿಲ್ಲ. ಬೀಗದ ಕೈ ದೊರೆತ ದಿನ ಉಳಿಯುವ ದಾರಿ ಒಂದೇ, ಫಾಲ್ಸ್ ಸೀಲಿಂಗ್. ಅಂದವೆಂದು ನಾವು ಮೆಚ್ಚುವುದು ಬಹುಪಾಲು ಒಂದು ಲೋಪದ ಮೇಲಿನ ತೇಪೆ.

ಆ ತೇಪೆಗೂ ಬೆಲೆಯಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಯ ಎತ್ತರ ಕನಿಷ್ಠ 2.75 ಮೀಟರ್, ಫ್ಯಾನಿನ ತಳ ನೆಲದಿಂದ ಕನಿಷ್ಠ 2.4 ಮೀಟರ್ ಇರಬೇಕು. ಉಳಿಯುವುದು ಒಂದಡಿಗಿಂತ ತುಸು ಹೆಚ್ಚು. ಅದರಲ್ಲಿ ಅರ್ಧ ಅಡಿಯನ್ನು ಹಲಗೆ ನುಂಗಿದರೆ ಫ್ಯಾನಿಗೆ ಗಾಳಿ ಸೆಳೆಯಲು ಸ್ಥಳವಿಲ್ಲ. ರೆಕ್ಕೆಗಳ ಮೇಲ್ಗಡೆ ದೀಪ ಬಂದರಂತೂ ಬೆಳಕು ತುಂಡುತುಂಡಾಗಿ ಇಡೀ ಕೋಣೆಯೇ ಮಿಡಿಯುತ್ತದೆ. ಒಳಗಿನ ಬಿಸಿಗೆ ಮೊದಲು ಸಾಯುವುದು ದೀಪವಲ್ಲ, ಅದಕ್ಕೆ ವಿದ್ಯುತ್ ಉಣಿಸುವ ಡ್ರೈವರ್. ದೀಪವೂ ಡ್ರೈವರೂ ಒಂದೇ ಅಚ್ಚಿನಲ್ಲಿದ್ದರೆ ಎರಡನ್ನೂ ಎಸೆಯಬೇಕು. ನಾಲ್ಕು ವರ್ಷದ ಬಳಿಕ ಅದೇ ಅಳತೆಯ ದೀಪ ಅಂಗಡಿಯಲ್ಲಿ ಸಿಕ್ಕರೆ ಪುಣ್ಯ.

ಬಣ್ಣದ ವಿಚಾರ ಬೇರೆಯೇ. ನಮಗೆ 6500 ಕೆಲ್ವಿನ್‌ನ ಅಚ್ಚಬಿಳುಪಿನ ಮೋಹ. ಹಳದಿ ಬೆಳಕೆಂದರೆ ವೋಲ್ಟೇಜ್ ಇಲ್ಲದ ಊರಿನ ನೆನಪು. ನನ್ನ ತಲೆಮಾರಿಗೆ ಅದು ಬಡತನದ ಬಣ್ಣ. ಆದರೆ ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ದೀಪ, ಅದರ ಮೇಲೆ ಹಳದಿ ರಂಜಕದ ಲೇಪ. ಆ ನೀಲಿಯನ್ನು ಸಾಧಿಸಿದವರಿಗೆ 2014ರಲ್ಲಿ ನೊಬೆಲ್ ಬಂತು. ಬಿಳುಪು ಹೆಚ್ಚಿದಷ್ಟೂ ನೀಲಿಯ ಪಾಲು ಹೆಚ್ಚು. ರಾತ್ರಿ ಅದು ನಿದ್ರೆಯನ್ನು ಹಿಂದೂಡುತ್ತದೆ. ಮಲಗುವ ಕೋಣೆಗೆ 2700 ಅಥವಾ 3000 ಕೆಲ್ವಿನ್ ಸಾಕು. ಅಡುಗೆಮನೆಗೆ 4000 ಇರಲಿ, ಆದರೆ ಅಲ್ಲಿ ಬಣ್ಣವನ್ನು ನಿಜವಾಗಿ ತೋರುವ, ಸಿಆರ್‌ಐ 90ರ ದೀಪ ಬೇಕು. ಅಕ್ಕಿಯಲ್ಲಿ ಕಲ್ಲು ಹುಡುಕುವವರಿಗೆ ಈ ವ್ಯತ್ಯಾಸ ತಿಳಿಯುತ್ತದೆ.

ಈಗಾಗಲೇ ಕಟ್ಟಿದ ಮನೆಯಲ್ಲಿ ಇರುವವರು ಹಲಗೆ ಬಿಟ್ಟು, ಛಾವಣಿಗೆ ಅಂಟುವ ಎರಡು ಮಂದ ದೀಪ ಹಾಗೂ ಕುರ್ಚಿಯ ಪಕ್ಕಕ್ಕೊಂದು ನಿಲುದೀಪ ಇಟ್ಟುಕೊಂಡರೆ ಓದು, ಮಾತು, ಊಟ ಎಲ್ಲವೂ ಸಾಗುತ್ತದೆ. ಕಟ್ಟುತ್ತಿರುವ ಮನೆಯನ್ನು ಕೊಳ್ಳುವವರ ಸ್ಥಿತಿ ಇನ್ನೂ ಉತ್ತಮ. 2016ರ ರಿಯಲ್ ಎಸ್ಟೇಟ್ ಕಾಯ್ದೆ ಮಂಜೂರಾದ ನಕ್ಷೆ ಹಾಗೂ ನಿರ್ಮಾಣದ ವಿವರಗಳನ್ನು ಪಡೆಯುವ ಹಕ್ಕನ್ನು ಅವರಿಗೆ ಕೊಟ್ಟಿದೆ. ನೆಲಹಾಸು, ನಲ್ಲಿಗಳ ಬ್ರಾಂಡನ್ನು ಪುಟಗಟ್ಟಲೆ ಚರ್ಚಿಸುವವರು ಜೊತೆಗೆ ವಿದ್ಯುತ್ ನಕ್ಷೆಯನ್ನೂ ಕೇಳಲಿ. ಓದುವ ಮೂಲೆಗೆ, ಊಟದ ಮೇಜಿನ ಮೇಲಕ್ಕೆ, ಬಚ್ಚಲಿಗೆ ಹೋಗುವ ದಾರಿಗೆ ಒಂದೊಂದು ಬಿಂದುವನ್ನು ಪೆನ್ಸಿಲಿನಲ್ಲಿ ಗುರುತಿಸಿ ಕೊಡಲಿ. ಒಂದು ಪ್ಲಾಸ್ಟಿಕ್ ಕೊಳವೆಗೆ ತಗಲುವ ಖರ್ಚು ಅತ್ಯಲ್ಪ. ಕಾಂಕ್ರೀಟು ಸುರಿಯುವ ಹಿಂದಿನ ದಿನದವರೆಗೂ ಅದನ್ನು ಹಾಕಿಸಬಹುದು.