ಸಾವಿನ ಮನೆಗೆ ಪೆಟ್ಟಿಗೆ ಹೊತ್ತವರು

ಅಬ್ಬಿಗೆರೆಯ ಹಳೇ ಊರಿನ ಕಡೆ ಯಾರಾದರೂ ತೀರಿಕೊಂಡರೆ, ನೆಂಟರಿಗೆ ಸುದ್ದಿ ಮುಟ್ಟಿಸಿದ ಮೇಲೆ ಮುಂದಿನ ಫೋನು ಹೋಗುವುದು ಪೆಟ್ಟಿಗೆ ಮೇಷ್ಟ್ರಿಗೆ. ಎಪ್ಪತ್ತು ದಾಟಿದ ಈ ಹಾರ್ಮೋನಿಯಂ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಹೊಟ್ಟೆಯೊಳಗೆ ಇಣುಕುತ್ತಿದ್ದವರು. ‘ಹೆಸರು ಮಾತ್ರ ಹಾಕ್ಬೇಡಿ ಸಾರ್. ಪೇಪರ್‌ನಲ್ಲಿ ಬಂದವರು ಅಂತ ಗೊತ್ತಾದ್ರೆ ಬಡವರು ಕರೆಯೋಕೆ ಹಿಂದೆ ಮುಂದೆ ನೋಡ್ತಾರೆ’ ಎಂದರು. ಹಾಕಿಲ್ಲ.

ಅವರ ಭಜನೆ ಮಂಡಳಿಗೆ ಬೋರ್ಡಿಲ್ಲ, ರಸೀದಿ ಪುಸ್ತಕವಿಲ್ಲ. ಶನಿವಾರ ಸಂಜೆ ಆಂಜನೇಯನ ಗುಡಿ, ಧನುರ್ಮಾಸದಲ್ಲಿ ನಸುಕಿನ ಬೀದಿ ಭಜನೆ, ರಾಮನವಮಿಯ ಪಾನಕ, ಕೋಸಂಬರಿ: ಇದಿಷ್ಟು ಎಲ್ಲ ಊರಿನಲ್ಲೂ ಇರುವಂಥದ್ದೇ. ನಾನು ಹುಡುಕಿಕೊಂಡು ಹೋದದ್ದು ಅವರ ಇನ್ನೊಂದು ಕೆಲಸವನ್ನು. ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹಳ್ಳಿಗಳಲ್ಲಿ ಹೆಣವನ್ನು ರಾತ್ರಿ ಒಂಟಿಯಾಗಿ ಬಿಡುವುದಿಲ್ಲ. ಮಂಡಳಿಯವರು ಬಂದು ಬೆಳಗಾಗುವವರೆಗೆ ತತ್ವಪದ ಹೇಳುತ್ತಾರೆ. ಸುತ್ತ ಬಡಾವಣೆಗಳು ಎದ್ದು, ಊರು ಮಹಾನಗರಪಾಲಿಕೆಗೆ ಸೇರಿದ ಮೇಲೂ ಅಬ್ಬಿಗೆರೆಯಲ್ಲಿ ಅದು ಅಷ್ಟಿಷ್ಟು ಉಳಿದಿದೆ.

ಆ ರಾತ್ರಿಗೊಂದು ಲೆಕ್ಕಾಚಾರವಿದೆ. ಹೋದ ಕೂಡಲೇ ಹಾಡಬಾರದು. ಅಳುವವರು ಅಳಲಿ ಎಂದು ಬಾಗಿಲ ಹೊರಗೆ ಕೂತಿರಬೇಕು. ಒಂಬತ್ತೂವರೆ, ಹತ್ತರ ಸುಮಾರಿಗೆ ಗುರುವಿನ ಪದದಿಂದ ಶುರು, ವಿಳಂಬದಲ್ಲಿ, ಪೆಟ್ಟಿಗೆಯ ಜೊತೆ ತಾಳ ಮಾತ್ರ. ನೆಂಟರು ಊರೂರಿನಿಂದ ಬಂದು ಗೋಳಿಟ್ಟಾಗ ಹಾಡು ತಗ್ಗಬೇಕು, ನಿಲ್ಲಬಾರದು. ‘ಪೆಟ್ಟಿಗೆ ಬಾಯಿ ಮುಚ್ತು ಅಂದ್ರೆ ಆ ಮನೆ ಹೆಂಗಸರಿಗೆ ಮತ್ತೆ ಹೆಣ ಕಾಣುತ್ತೆ’ ಎನ್ನುತ್ತಾರೆ ಮೇಷ್ಟ್ರು. ನಡುರಾತ್ರಿ ದಾಟಿದ ಮೇಲೆ ಚಿಟಿಕೆ, ದಮ್ಮಡಿ ಹೊರಗೆ ಬರುತ್ತವೆ, ಪದಗಳ ನಡೆ ಬಿರುಸಾಗುತ್ತದೆ. ಸತ್ತವರ ಮಗನನ್ನೋ ತಮ್ಮನನ್ನೋ ಕರೆದು ಕೈಗೊಂದು ಜೊತೆ ತಾಳ ಕೊಡುವುದು ಆಗಲೇ. ಅವನಿಗೆ ಹಾಡು ಬರಬೇಕಾಗಿಲ್ಲ, ಲಯ ತಪ್ಪಿದರೂ ಯಾರೂ ಏನೂ ಅನ್ನುವುದಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಾದ್ದರಿಂದ ಕಾಫಿ, ಉಪ್ಪಿಟ್ಟು ಪಕ್ಕದ ಮನೆಯಿಂದ. ಬೆಳಗ್ಗೆ ಮಂಗಳ ಹಾಡದೆ ಎದ್ದುಬಿಡುವುದು ಈ ಮಂಡಳಿಯ ಪದ್ಧತಿ. ದುಡ್ಡು ಮುಟ್ಟುವುದಿಲ್ಲ, ಆಟೋ ಬಾಡಿಗೆ ಕೊಟ್ಟರೆ ಬೇಡವೆನ್ನುವುದೂ ಇಲ್ಲ.

ಮೇಷ್ಟ್ರ ಹಗಲಿನ ಕಸುಬು ಪೆಟ್ಟಿಗೆ ರಿಪೇರಿ. ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚ್ ಮಾಡಲು ಶುರುಮಾಡಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ವಾಚ್ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿತು. ಅದಕ್ಕೆ ಎಷ್ಟೋ ಮೊದಲೇ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದ ಮೇಷ್ಟ್ರ ಸಣ್ಣ ಅರಗಳು, ಚಿಮಟಗಳು ಈಗ ಹಿತ್ತಾಳೆಯ ರೀಡುಗಳ ಮೇಲೆ ಓಡುತ್ತವೆ. ರೀಡಿನ ತುದಿಯನ್ನು ಕೂದಲೆಳೆಯಷ್ಟು ಉಜ್ಜಿದರೆ ಸ್ವರ ಏರುತ್ತದೆ, ಬುಡದ ಕಡೆ ಉಜ್ಜಿದರೆ ಇಳಿಯುತ್ತದೆ. ಹೆಚ್ಚು ಉಜ್ಜಿದರೆ ರೀಡು ಹೋಯಿತು. ಗುಜರಾತಿನ ಪಾಲಿಟಾಣದಿಂದ ಹೊಸದು ತರಿಸಬೇಕು. ತಿದಿಯ ಚರ್ಮ, ಸ್ಪ್ರಿಂಗು, ಬೆರಳಿನಿಂದ ಒತ್ತುವ ಮನೆಗಳ ಬಗ್ಗೆ ಕೇಳಿದರೆ ‘ಅದೆಲ್ಲ ಯಾರಾದ್ರೂ ಮಾಡ್ತಾರೆ ಬಿಡಿ’ ಎಂದು ತಳ್ಳಿಹಾಕಿದರು.

ಹಾಡುವ ಪದಗಳಲ್ಲಿ ಮುಕ್ಕಾಲು ಪಾಲು ಕೈವಾರ ತಾತಯ್ಯನವರವು. ಚಿಂತಾಮಣಿ ತಾಲ್ಲೂಕಿನ ಕೈವಾರದ ಬಳೆಗಾರ ನಾರೇಯಣಪ್ಪ, ಕಾಲ 1726ರಿಂದ 1836. ತೆಲುಗು, ಕನ್ನಡ ಎರಡರಲ್ಲೂ ಹಾಡಿದವರು, ಅಂಕಿತ ‘ಅಮರನಾರೇಯಣ’. ಬಳೆ ತೊಡಿಸಿ ದುಡ್ಡು ಕೇಳಲಾಗದ ವ್ಯಾಪಾರಿ, ಗುರು ಕೊಟ್ಟ ಬೆಣಚುಕಲ್ಲನ್ನು ಬಾಯಲ್ಲಿಟ್ಟು ಜಪ ಮಾಡಿದಾಗ ಅದು ಕಲ್ಲುಸಕ್ಕರೆಯಾಯಿತು ಎಂಬುದು ಅವರ ಐತಿಹ್ಯ. ಇತ್ತ ಮತ್ತಿಕೆರೆಯ ಎಂ.ಎಸ್. ರಾಮಯ್ಯನವರು ತಾತಯ್ಯನವರ ದೊಡ್ಡ ಭಕ್ತರಾಗಿದ್ದರಿಂದ ಈ ಭಾಗಕ್ಕೂ ಕೈವಾರಕ್ಕೂ ನಂಟು ಗಟ್ಟಿ. ಮಂಡಳಿಯ ಚರಿತ್ರೆಗೆ ಮಾತ್ರ ಮೇಷ್ಟ್ರ ಮಾತೇ ಆಧಾರ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಸುತ್ತಿನ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಾಗ ರಾತ್ರಿಯ ಹೆದರಿಕೆ ಕಳೆಯಲು ಅವರ ಮುತ್ತಾತ ಪದ ಹೇಳಿಸುತ್ತಿದ್ದರಂತೆ. ಊರಿಗೆ ಮರಳಿದ ಮೇಲೆ ಅದೇ ಗುಂಪು ಗುಡಿಯಲ್ಲಿ ಕೂತಿತಂತೆ.

ಪ್ಲೇಗಿನಲ್ಲಿ ಹುಟ್ಟಿದ್ದೆನ್ನುವ ಈ ಕೂಟಕ್ಕೆ ಕೊರೋನಾದಲ್ಲಿ ಮಾಡಲು ಕೆಲಸವೇ ಇರಲಿಲ್ಲ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಯಲಹಂಕದ ಮೇಡಿ ಅಗ್ರಹಾರದ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದ್ದವು. ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಲ್ಲೇ ಚಿತೆ ಹೊತ್ತಿಸಬೇಕಾಯಿತು. ಹೆಣ ಮನೆಗೇ ಬರುತ್ತಿರಲಿಲ್ಲ. ನಿರ್ಬಂಧ ಸಡಿಲವಾದ ಮೇಲೆ ಮಂಡಳಿ ತಾನಾಗಿಯೇ ಅಂಥ ಮನೆಗಳಿಗೆ ಹೋಗಿ, ಫೋಟೊ ಮುಂದೆ ಇಡೀ ರಾತ್ರಿ ಹಾಡಿತು. ಒಂದು ಮನೆಯಲ್ಲಿ ಹೆಂಡತಿಯನ್ನು ಕಳೆದುಕೊಂಡವನಿಗೆ ತಾಳ ಕೊಟ್ಟರೆ ಬೆಳಕು ಹರಿದರೂ ವಾಪಸು ಕೊಡಲಿಲ್ಲ. ಈಗ ಅವನೇ ಮಂಡಳಿಯ ಕಾಯಂ ತಾಳದವನು. ದುಃಖಕ್ಕೆ ಸಮಾಧಾನದ ಮಾತು ಹೇಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಟಿ.ವಿ.ಯಲ್ಲಂತೂ ಬೆಳಗಾದರೆ ಅದೇ. ನಿದ್ದೆಗೆಟ್ಟು ಪಕ್ಕದಲ್ಲಿ ಕೂರುವವರು ಕಡಿಮೆಯಾಗಿದ್ದಾರೆ ಎಂಬುದು ನನ್ನ ತಕರಾರು.

ಈಗ ಸಂಜೆ ಸತ್ತರೆ ರಾತ್ರಿಯೊಳಗೆ ವಿದ್ಯುತ್ ಚಿತಾಗಾರ. ಅಪಾರ್ಟ್‌ಮೆಂಟಿನಲ್ಲಿ ಹತ್ತು ಗಂಟೆಯ ನಂತರ ಸದ್ದಿಲ್ಲ. ಮಂಡಳಿಯವರು ಮೈಕು ಕಟ್ಟುವವರಲ್ಲ. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಒಂದು ರಾತ್ರಿ ಚಾಪೆ ಹಾಸಲು ಬಿಟ್ಟರೆ ನಿವಾಸಿಗಳ ಸಂಘಗಳಿಗೆ ಹೋಗುವ ಗಂಟೇನೂ ಇಲ್ಲ. ಕಾರ್ಖಾನೆಯ ಪಾಳಿ ಮುಗಿಸಿ ಬರುವ ಇಬ್ಬರು ಹುಡುಗರು ತೆಲುಗು ಪದಗಳನ್ನು ಕನ್ನಡ ಲಿಪಿಯಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದಾರೆ. ಪೆಟ್ಟಿಗೆ ಕಲಿಯುವವರು ಸಿಕ್ಕಿಲ್ಲ.

ದೂರದ ಮಕ್ಕಳಿಗಾಗಿ ಕಾಯುವ ಮನೆಗಳಲ್ಲಿ ಮಾತ್ರ ಈಗ ಪೂರ್ತಿ ರಾತ್ರಿ ಸಿಗುತ್ತದೆ, ಅದೂ ಫ್ರೀಜರ್ ಬಾಕ್ಸಿನ ಪಕ್ಕ. ಆ ಬಾಕ್ಸು ಮೇಷ್ಟ್ರ ವೈರಿ. ನಮ್ಮ ಕರೆಂಟಿನ ಗುಂಯ್ ಎನ್ನುವ ಸದ್ದು ಸೆಕೆಂಡಿಗೆ 100 ಕಂಪನದ್ದು. ಪೆಟ್ಟಿಗೆಯಲ್ಲಿ ಅದು ಬಿಳಿ ಐದಕ್ಕೂ ಕಪ್ಪು ನಾಲ್ಕಕ್ಕೂ ನಡುವೆ ಬೀಳುತ್ತದೆ. ಯಾವ ಮನೆ ಒತ್ತಿದರೂ ಶ್ರುತಿ ಜಗಳ. ಬಾಕ್ಸು ಆರಿಸಿ ಎಂದು ಕೇಳುವ ಹಾಗಿಲ್ಲ. ಅದಕ್ಕೇ ಮೇಷ್ಟ್ರು ಹಳೇ ಪೆಟ್ಟಿಗೆಯೊಂದನ್ನು ಬಿಚ್ಚಿ ಹರವಿಕೊಂಡು, ಒಂದೊಂದೇ ರೀಡಿನ ತುದಿ ಉಜ್ಜಿ, ಇಡೀ ಪೆಟ್ಟಿಗೆಯ ಶ್ರುತಿಯನ್ನು ಬಾಕ್ಸಿನ ಸದ್ದಿಗೆ ಏರಿಸುತ್ತಿದ್ದಾರೆ. ಮಂದ್ರ ಸಪ್ತಕ ಮುಗಿದಿದೆ. ಮಧ್ಯ ಸಪ್ತಕದ್ದು ಸಣ್ಣ ರೀಡುಗಳು, ಎಡಗಣ್ಣಿನ ಪೊರೆಯ ಆಪರೇಷನ್ ಆಗುವವರೆಗೆ ಮುಟ್ಟಬೇಡಿ ಎಂದು ಮಗಳು ಹೇಳಿದ್ದಾಳಂತೆ.