ಅರ್ಧ ದಿನದ ಕೆಲಸ, ಇಡೀ ದಿನದ ವಾಸ

ಏಪ್ರಿಲ್ ಬಂತೆಂದರೆ ಮುಂಬೈ, ಪುಣೆಯ ನಮ್ಮ ಮನೆಗಳಿಂದ ಊರಿಗೆ ಫೋನು ಹೋಗುತ್ತದೆ. ಮಕ್ಕಳಿಗೆ ಸೂಟಿ, ಗಂಡ ಹೆಂಡತಿ ಇಬ್ಬರಿಗೂ ಡ್ಯೂಟಿ. "ಕಲಬುರಗಿ, ವಿಜಯಪುರ ಕಡೆಯವರು ಯಾರಾದ್ರೂ ಇದ್ರೆ ನೋಡಿ. ಎರಡು ತಿಂಗಳು ಮನೇಲೇ ಇರ್ಲಿ, ಕೆಲಸ ಅರ್ಧ ದಿನದ್ದಷ್ಟೇ" ಎನ್ನುತ್ತೇವೆ. ಕೆಲಸ ಅರ್ಧ ದಿನ, ವಾಸ ಮಾತ್ರ ಇಡೀ ದಿನ. ಇವೆರಡರ ನಡುವೆ ಮೊದಲೇ ಗೆರೆ ಎಳೆಯದಿದ್ದರೆ ಆ ಅರ್ಧ ದಿನ ಒಂದೇ ವಾರದಲ್ಲಿ ಕಾಣೆಯಾಗುತ್ತದೆ. ನೀವು ಈ ಬೇಸಿಗೆಗೆ ಆಯಾ ಹುಡುಕುತ್ತಿದ್ದರೆ ಕೆಲವು ಲೆಕ್ಕಗಳನ್ನು ಈಗಲೇ ಹಾಕಿಕೊಳ್ಳಿ.

ಮೊದಲನೆಯದು ವಯಸ್ಸು. "ನಮ್ಮ ಹುಡುಗಿ ಎಂಟನೇ ಕ್ಲಾಸು, ಅವಳಿಗೂ ಸೂಟಿ, ಕಳಿಸ್ತೀವಿ" ಎಂದು ಯಾರಾದರೂ ಹೇಳಬಹುದು. ಒಪ್ಪಬೇಡಿ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ. 2016ರ ತಿದ್ದುಪಡಿಯ ಪ್ರಕಾರ ಇದಕ್ಕೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಅಥವಾ 20,000ದಿಂದ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಹದಿನಾಲ್ಕು ತುಂಬಿದ್ದರೆ ಸಾಕೇ? ಟೀಚರಾಗಿ ನನ್ನ ಉತ್ತರ, ಸಾಲದು. ಕ್ಯಾಲೆಂಡರ್ ನೋಡಿ. ಕರ್ನಾಟಕದ ಶಾಲೆಗಳು ಮೇ ಕೊನೆಗೆ ಇಲ್ಲವೇ ಜೂನ್ ಆರಂಭಕ್ಕೆ ತೆರೆಯುತ್ತವೆ. ಮುಂಬೈ, ಪುಣೆಯಲ್ಲಿ ಮಹಾರಾಷ್ಟ್ರ ಬೋರ್ಡಿನ ಶಾಲೆಗಳು ತೆರೆಯುವುದು ಸಾಮಾನ್ಯವಾಗಿ ಜೂನ್ ಮಧ್ಯಕ್ಕೆ. ನಿಮ್ಮ ಮಗುವಿನ ಸೂಟಿ ಮುಗಿಯುವವರೆಗೆ ಆ ಹುಡುಗಿ ನಿಂತರೆ ಅವಳ ಕ್ಲಾಸಿನಲ್ಲಿ ಎರಡು ವಾರದ ಪಾಠ ಮುಗಿದಿರುತ್ತದೆ. ಆಮೇಲೆ "ಈ ವರ್ಷ ಹೋಗ್ಲಿ ಬಿಡಿ, ಹೇಗೂ ಕೆಲಸ ಸಿಕ್ಕಿದೆ" ಎಂದು ಯಾರೋ ಹೇಳುತ್ತಾರೆ. ಒಂದು ಮಗುವಿನ ಸೂಟಿಗಾಗಿ ಇನ್ನೊಂದು ಮಗು ಶಾಲೆ ಬಿಡಬಾರದು. ಹಾಗಾಗಿ 18 ತುಂಬಿದವರನ್ನೇ ಕರೆಸಿ, ಹುಟ್ಟಿದ ದಿನಾಂಕವನ್ನು ಕಾಗದದಲ್ಲಿ ನೋಡಿ. ಪಿಯುಸಿ ಮುಗಿಸಿ ಡಿಗ್ರಿಗೆ ಸೇರಬೇಕಿರುವವಳಾದರೆ ಅಡ್ಮಿಷನ್ ದಿನಕ್ಕೆ ಊರಿಗೆ ಕಳಿಸುವ ಮಾತು ಮೊದಲೇ ಆಗಿರಲಿ.

ಎರಡನೆಯದು ತಾಸಿನ ಲೆಕ್ಕ. ನೀವು ಮುಂಜಾನೆ ಒಂಬತ್ತಕ್ಕೆ ಹೋಗಿ ಎರಡಕ್ಕೆ ಬರುತ್ತೀರಿ ಎಂದುಕೊಳ್ಳಿ. ದಿನಕ್ಕೆ 5 ತಾಸು, ವಾರಕ್ಕೆ 6 ದಿನ, 8 ವಾರಕ್ಕೆ 240 ತಾಸು. ಆದರೆ ಆಕೆ ಮನೆಯಲ್ಲೇ ಇದ್ದಾಳೆ. ಆರಕ್ಕೆ ಎದ್ದು ಚಹಾ ಇಡುತ್ತಾಳೆ, ಸಂಜೆ ರೊಟ್ಟಿ ತಟ್ಟುತ್ತಾಳೆ, ರಾತ್ರಿ ಅತ್ತ ಮಗುವನ್ನು ಎತ್ತಿಕೊಳ್ಳುತ್ತಾಳೆ. ದಿನಕ್ಕೆ 12 ತಾಸಿನಂತೆ ವಾರದ ಏಳೂ ದಿನ ಹೀಗೆ ನಡೆದರೆ 8 ವಾರಕ್ಕೆ 672 ತಾಸು. ಪಗಾರ ಅಷ್ಟೇ, ಕೆಲಸ ಹತ್ತಿರ ಹತ್ತಿರ ಮೂರು ಪಟ್ಟು. ಯಾರೂ ಬೇಕೆಂದು ಮೋಸ ಮಾಡಿರುವುದಿಲ್ಲ; "ಸ್ವಲ್ಪ ನೋಡಮ್ಮ" ಎಂಬ ಮಾತೇ ದಿನಕ್ಕೆ ಹತ್ತು ಸಲ ಬಂದಿರುತ್ತದೆ.

ಇದಕ್ಕೆ ಪರಿಹಾರ ಸರಳ. ಕೆಲಸದ ವೇಳೆ ಬರೆದಿಡಿ. ಅದರ ಹೊರಗಿನ ಕೆಲಸ ಕೇಳಿದರೆ ಆ ತಾಸಿಗೆ ಬೇರೆ ದುಡ್ಡು ಕೊಡಿ. ನಿಮ್ಮ ಬಿಲ್ಡಿಂಗಿನಲ್ಲಿ ತಾಸಿನ ಲೆಕ್ಕದಲ್ಲಿ ಕೆಲಸ ಮಾಡುವವರ ದರ ವಿಚಾರಿಸಿ ಅದನ್ನೇ ಆಧಾರ ಮಾಡಿಕೊಳ್ಳಿ. ಊಟ ವಸತಿಯ ಹೆಸರಿನಲ್ಲಿ ಪಗಾರ ಮುರಿಯಬೇಡಿ. ಮನೆಯಲ್ಲೇ ಇರಬೇಕು ಎಂದು ಕೇಳಿದ್ದು ನೀವು. ವಾರಕ್ಕೊಂದು ಪೂರ್ತಿ ರಜೆ ಇರಲಿ, ಜ್ವರ ಬಂದ ದಿನ 'ಖಾಡಾ' ಹಾಕಬೇಡಿ. ಮಲಗಲು ಅಡುಗೆಮನೆಯ ನೆಲವಲ್ಲ, ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಬೇಕು.

ಮೂರನೆಯದು ಮುಂಗಡ. ಊರಿನಲ್ಲಿ ತಂದೆಯ ಕೈಗೆ ರೊಕ್ಕ ಕೊಟ್ಟು "ತೀರುವವರೆಗೆ ಇರಲಿ" ಎಂದು ಕರೆತರುವುದು 1976ರ ಕಾನೂನು ನಿಷೇಧಿಸಿದ ಜೀತವೇ ಆಗುತ್ತದೆ. ಪಗಾರ ಆಕೆಯ ಕೈಗೆ, ಇಲ್ಲವೇ ಆಕೆಯ ಖಾತೆಗೆ, ಪ್ರತಿ ತಿಂಗಳು ಹೋಗಲಿ. ಆಧಾರ್ ಕಾರ್ಡ್, ಫೋನು ಆಕೆಯ ಬಳಿಯೇ ಇರಲಿ. ಹೊರಗಿನಿಂದ ಬೀಗ ಹಾಕಿ ಹೋಗುವುದು ಅಪರಾಧ. ಒಳಗೆ ನಿಮ್ಮ ಮಕ್ಕಳೂ ಇರುತ್ತಾರೆ, ಬೆಂಕಿ ಬಿದ್ದರೆ ಏನು ಗತಿ?

ಇದೆಲ್ಲ ಕಾಗದದಲ್ಲೇ ಏಕೆ ಬೇಕು? ಮಹಾರಾಷ್ಟ್ರದಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಗಾಗಿ 2008ರ ಕಾಯ್ದೆ ಇದೆ. ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿತು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಮನೆಯೂ ಕೆಲಸದ ಸ್ಥಳವೇ. ಆಕೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಆದರೆ ತಾಸು, ರಜೆ, ಪಗಾರ ಎಲ್ಲವನ್ನೂ ದೇಶಕ್ಕೆಲ್ಲ ಒಂದೇ ರೀತಿ ಗೊತ್ತುಮಾಡುವ ಕಾನೂನಿನ ಕೊರತೆಯನ್ನು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಎತ್ತಿ ಹೇಳಿ, ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ನಾಲ್ಕು ಗೋಡೆಯೊಳಗೆ ದಿನದಿನದ ನಿಯಮ ನಿಮ್ಮ ಒಂದು ಪುಟದ ಕರಾರೇ. ಆಕೆಗೆ ಓದಲು ಬರುವ ಭಾಷೆಯಲ್ಲಿ ಬರೆಯಿರಿ. ಓದು ಬಾರದಿದ್ದರೆ ಆಕೆಯ ಮನೆಯವರೊಬ್ಬರ ಎದುರು ಓದಿ ಹೇಳಿ, ಒಂದು ಪ್ರತಿ ಆಕೆಗೇ ಕೊಡಿ.

ಇನ್ನು ನಿಮ್ಮ ಮಕ್ಕಳ ಮಾತು. ಪೊಲೀಸ್ ವೆರಿಫಿಕೇಶನ್ ಮಾಡಿಸಿ, ಆದರೆ ಅದರಿಂದಲೇ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಮೊದಲ ಮೂರು ದಿನ ತಂದೆಯೋ ತಾಯಿಯೋ ರಜೆ ಹಾಕಿ ಮನೆಯಲ್ಲಿರಿ. ಹಳ್ಳಿಯಿಂದ ಬಂದವರಿಗೆ ಲಿಫ್ಟು, ಗೀಸರು, ಪೈಪಿನ ಗ್ಯಾಸು, ಹತ್ತನೇ ಮಹಡಿಯ ಬಾಲ್ಕನಿ ಎಲ್ಲ ಹೊಸದು, ಒಂದೊಂದಾಗಿ ತೋರಿಸಿ. ನಿಮ್ಮಿಬ್ಬರ ನಂಬರು, ಪಕ್ಕದ ಮನೆಯವರದು, ತುರ್ತಿಗೆ 112, ಇವನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಮಕ್ಕಳಿಗೂ 1098 ಹೇಳಿಕೊಡಿ. ಅದು ಮಕ್ಕಳ ಸಹಾಯವಾಣಿ.

ಆಕೆಯನ್ನು ಮಕ್ಕಳಿಂದ ಖಾಲಾ, ಆಪಾ ಎಂದು ಕರೆಸುತ್ತೇವೆ, "ಮನೆಯವಳ ಹಾಗೆ" ಎನ್ನುತ್ತೇವೆ. ಒಳ್ಳೆಯದೇ. ಆದರೆ ಮನೆಯವಳೆಂದು ಕರೆಸಿಕೊಂಡವಳಿಗೆ ರಜೆ ಕೇಳಲು ಸಂಕೋಚ, ಪಗಾರ ನೆನಪಿಸಲು ಇನ್ನೂ ಸಂಕೋಚ. ಆಕೆ ಕೇಳುವ ಮೊದಲೇ ಕೊಡುವ ಜವಾಬ್ದಾರಿ ನಿಮ್ಮದು.

ಇಷ್ಟನ್ನು ಪಾಲಿಸಲು ನಮ್ಮ ಮನೆಯಲ್ಲಿ ಆಗದು ಅನ್ನಿಸಿದರೆ ಊರಿಂದ ಯಾರನ್ನೂ ಕರೆಸಬೇಡಿ. ಒಂಬತ್ತರಿಂದ ಎರಡರವರೆಗೆ ಬಂದು ತನ್ನ ಮನೆಗೆ ಮರಳುವ ಅಕ್ಕಪಕ್ಕದವರೊಬ್ಬರನ್ನು, ಬೇಕಿದ್ದರೆ ಎರಡು ಮನೆಯವರು ಸೇರಿ, ಗೊತ್ತುಮಾಡಿಕೊಳ್ಳಿ. ಅರ್ಧ ದಿನದ ಕೆಲಸ ಅಲ್ಲಿ ಅರ್ಧ ದಿನವಾಗಿಯೇ ಉಳಿಯುತ್ತದೆ.