ಗಿಟಾರಿನ ತಂತಿ ಬೇರೆ, ಸ್ಪೀಕರಿನ ತಂತಿ ಬೇರೆ

ನಮ್ಮ ಸೀಮೆಯಲ್ಲಿ ಮಳೆಗೆ ಬರವುಂಟು, ಹಾಡಿಗೆ ಬರವಿಲ್ಲ. ರಾಯದುರ್ಗದ ಕಡೆಯಾಗಲಿ, ಮಡಕಶಿರಾದ ಕಡೆಯಾಗಲಿ, ಊರಹಬ್ಬವೆಂದರೆ ರಾತ್ರಿಯಿಡೀ ಭಜನೆ, ಬಯಲಾಟ, ಕೋಲಾಟ ನಡೆಯಲೇಬೇಕು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗವು ಆಂಧ್ರಕ್ಕೆ ಸೇರಿತು. 2022ರಲ್ಲಿ ಅನಂತಪುರ ಜಿಲ್ಲೆಯೂ ಒಡೆದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ನಕಾಶೆಯ ಗೆರೆಗಳು ಹೀಗೆ ಸರಿದಾಡಿದರೂ ನಮ್ಮ ಮನೆಗಳಲ್ಲಿ ಕನ್ನಡದ ಹಾಡು ನಿಂತಿಲ್ಲ. ಹಾರ್ಮೋನಿಯಂ, ತಬಲಗಳ ಪಕ್ಕದಲ್ಲಿ ಈಗ ಕೀಬೋರ್ಡು, ಗಿಟಾರುಗಳೂ ಬಂದು ಕುಳಿತಿವೆ. ಬರಲಿ, ಸಂತೋಷವೇ. ಆದರೆ ಅವುಗಳೊಡನೆ ಬಂದಿರುವ ತಂತಿ, ಪ್ಲಗ್ಗುಗಳ ವಿಚಾರದಲ್ಲಿ ನಮ್ಮ ತಿಳಿವಳಿಕೆ ಸಾಲದು. ಅದನ್ನು ನಾವು ಪೆಟ್ಟು ತಿಂದು ಕಲಿತೆವು. ಓದುಗ ಬಂಧುಗಳು ಪೆಟ್ಟು ತಿನ್ನದೆಯೇ ಕಲಿಯಲೆಂದು ಈ ಲೇಖನ.

ವಾರ್ಷಿಕೋತ್ಸವದ ರಾತ್ರಿ

ನಮ್ಮ ಶಾಲೆಯಲ್ಲಿ ಓದಿದ ಹುಡುಗನೊಬ್ಬ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕೆಲಸಕ್ಕಿದ್ದಾನೆ. ಹೊಲಿಗೆಯ ಕೂಲಿಯಲ್ಲಿ ಉಳಿಸಿ, ಒಂದು ಗಿಟಾರನ್ನೂ ಹಳೆಯದೊಂದು ಆಂಪ್ಲಿಫೈಯರನ್ನೂ ಕೊಂಡಿದ್ದ. ಆಂಪ್ಲಿಫೈಯರಿನ ಪೆಟ್ಟಿಗೆ ಬೇರೆ, ಸ್ಪೀಕರಿನ ಪೆಟ್ಟಿಗೆ ಬೇರೆ. ನಡುವೆ ಒಂದು ತಂತಿ ಜೋಡಿಸಬೇಕು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳ ಹಾಡಿಗೆ ಗಿಟಾರು ನುಡಿಸಲು ನಾವೇ ಅವನನ್ನು ಕರೆದಿದ್ದೆವು.

ಸಂಜೆ ಬಂದವನು ಚೀಲವನ್ನೆಲ್ಲ ತಡಕಿ, "ಸಾರ್, ಸ್ಪೀಕರ್ ವೈರು ಮನೇಲೇ ಉಳೀತು. ಹೋಗಿ ತರ್ತೀನಿ" ಎಂದ. ವೇದಿಕೆಯ ಮುಂದೆ ಊರೇ ಕುಳಿತಿತ್ತು, ಅತಿಥಿಗಳೂ ಬಂದಿದ್ದರು. ಅವನ ಕೈಯಲ್ಲಿ ಗಿಟಾರಿನ ತಂತಿ ಇನ್ನೊಂದಿತ್ತು. ಎರಡು ತುದಿಯಲ್ಲೂ ಅದೇ ಪ್ಲಗ್ಗು. "ಇದೂ ಸೇರುತ್ತದಲ್ಲಪ್ಪಾ, ಇದನ್ನೇ ಹಾಕು" ಎಂದೆವು. ಅವನು ಅನುಮಾನಿಸಿದ, ನಾವು ಅವಸರಿಸಿದೆವು. ಮೇಷ್ಟರ ಮಾತನ್ನು ಮೀರಲಾರದೆ ಹಾಕಿದ.

ಎರಡು ಹಾಡು ಚೆನ್ನಾಗಿಯೇ ನಡೆದುವು. ಮೂರನೆಯದರಲ್ಲಿ ದನಿ ಕರಕರ ಎಂದಿತು, ಕುಗ್ಗಿತು, ಸುಟ್ಟ ವಾಸನೆ ಬಂದು ನಿಂತೇಹೋಯಿತು. ಮಕ್ಕಳು ತಾಳ ತಟ್ಟುತ್ತ ಹಾಡನ್ನು ಮುಗಿಸಿದರು. ಹುಡುಗ ಮಾತ್ರ ಪೆಟ್ಟಿಗೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದ.

ರಿಪೇರಿಯವರ ಪಾಠ

ಮರುವಾರ ಅವನೊಡನೆ ನಾವೂ ಬಳ್ಳಾರಿಗೆ ಹೋದೆವು. ರಿಪೇರಿಯವರು ಪೆಟ್ಟಿಗೆ ಬಿಚ್ಚುವ ಮೊದಲು ತಂತಿಯನ್ನು ಕೇಳಿ ಪಡೆದು, ಬ್ಲೇಡಿನಿಂದ ಉದ್ದಕ್ಕೆ ಸೀಳಿ ನಮ್ಮ ಮುಂದಿಟ್ಟರು. ನಡುವೆ ಕೂದಲಿನಂಥ ಕೆಲವೇ ತಾಮ್ರದ ಎಳೆಗಳು. ಅವುಗಳ ಮೇಲೊಂದು ತೆಳು ಕವಚ. ಅದರ ಸುತ್ತ ಹೆಣೆದ ತಂತಿಜಾಲ. ಪ್ಲಗ್ಗಿನ ಕತ್ತಿನ ಬಳಿ ಎಳೆಗಳು ಹಲವು ಮೊದಲೇ ಕಡಿದಿದ್ದುವು. ಉಳಿದ ಒಂದೆರಡರ ಮೇಲೆ ಹೊರೆಯೆಲ್ಲ ಬಿದ್ದು, ಅವು ಕಾದು, ಒಳಕವಚ ಕರಗಿ, ನಡುವಿನ ಎಳೆ ಹೊರಗಿನ ಜಾಲಕ್ಕೆ ತಾಗಿತ್ತು. ಹೀಗೆ ಶಾರ್ಟ್ ಆದುದರಿಂದ ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಸುಟ್ಟಿದ್ದುವು.

"ಪ್ಲಗ್ಗು ಒಂದೇ ಇದ್ರೆ ತಂತಿಯೂ ಒಂದೇ ಅಂತ ತಿಳೀಬೇಡಿ ಮೇಷ್ಟ್ರೇ" ಎಂದರವರು. ರಿಪೇರಿಯ ಹಣವನ್ನು ನಾವೇ ಕೊಟ್ಟೆವು. ಹುಡುಗ ಬೇಡವೆಂದ, ಆದರೆ ತಪ್ಪು ನಮ್ಮದಾಗಿತ್ತು.

ಹನಿನೀರಾವರಿಯ ಕೊಳವೆ, ಬೋರಿನ ಪೈಪು

ತಿಳಿದುದರಿಂದ ತಿಳಿಯದುದರ ಕಡೆಗೆ ನಡೆಯಬೇಕೆಂದು ತರಬೇತಿಯಲ್ಲಿ ನಮಗೆ ಕಲಿಸಿದ್ದಾರೆ. ಹಾಗೆಯೇ ನಡೆಯೋಣ. ಹನಿನೀರಾವರಿಯ ಸಣ್ಣ ಕೊಳವೆಯನ್ನು ಬೋರ್‌ವೆಲ್ಲಿನ ಬಾಯಿಗೆ ಯಾವ ರೈತನಾದರೂ ಜೋಡಿಸುವನೇ? ಗಿಟಾರಿನಿಂದ ಬರುವ ಸಂಕೇತ ಹನಿಯಂತೆ. ಅದರ ಒತ್ತಡ ಸಾಮಾನ್ಯವಾಗಿ ಒಂದು ವೋಲ್ಟಿಗೂ ಕಡಿಮೆ. ಪ್ರವಾಹವಂತೂ ಆಂಪಿಯರಿನ ಲಕ್ಷದಲ್ಲೊಂದು ಅಂಶಕ್ಕಿಂತ ಕಡಿಮೆ. ಇಷ್ಟು ಸಣ್ಣ ದನಿಗೆ ಹೊರಗಿನ ಗುಂಯ್ ಸದ್ದು ಬೆರೆಯದಿರಲೆಂದೇ ಸುತ್ತಲೂ ಜಾಲದ ಬೇಲಿ.

ಆಂಪ್ಲಿಫೈಯರಿನಿಂದ ಹೊರಟು ಸ್ಪೀಕರಿಗೆ ಹೋಗುವುದು ಬೋರಿನ ನೀರು. 100 ವ್ಯಾಟಿನ ಆಂಪ್ಲಿಫೈಯರು 8 ಓಮಿನ ಸ್ಪೀಕರಿಗೆ ಪೂರ್ಣ ಬಲದಲ್ಲಿ ನುಡಿದರೆ ಸುಮಾರು 28 ವೋಲ್ಟು, ಮೂರೂವರೆ ಆಂಪಿಯರು ಹರಿಯುತ್ತದೆ. ಸ್ಪೀಕರು 4 ಓಮಿನದಾದರೆ 5 ಆಂಪಿಯರು. ಇದಕ್ಕೆ ಬೇಲಿ ಬೇಡ, ದಪ್ಪ ಬೇಕು. ಸಮನಾದ ಎರಡು ತಾಮ್ರದ ಎಳೆಗಳುಳ್ಳ ತಂತಿಯೇ ಇದಕ್ಕೆ ತಕ್ಕುದು. ಅದನ್ನು ಗಿಟಾರಿಗೆ ಹಾಕಿದರೆ ಏನಾದೀತು? ಅಪಾಯವಿಲ್ಲ, ಆದರೆ ಬೇಲಿಯಿಲ್ಲದ ಕಾರಣ ದನಿಗಿಂತ ಗುಂಯ್ ಸದ್ದೇ ಹೆಚ್ಚಾದೀತು.

ಎಷ್ಟು ದಪ್ಪ, ಎಷ್ಟು ಉದ್ದ?

ತಂತಿಯ ದಪ್ಪವನ್ನು ಅಂಗಡಿಯಲ್ಲಿ ಚದರ ಮಿಲಿಮೀಟರಿನಲ್ಲಿ ಹೇಳುತ್ತಾರೆ. ಆಂಪ್ಲಿಫೈಯರಿಗೂ ಸ್ಪೀಕರಿಗೂ 10 ಮೀಟರು ದೂರವಿದೆಯೆನ್ನಿ. ಹೋಗಿ ಬರುವ ದಾರಿ 20 ಮೀಟರು. 0.5 ಚದರ ಮಿಲಿಮೀಟರಿನ ತಂತಿಯಾದರೆ ಅದರ ತಡೆ ಸುಮಾರು ಮುಕ್ಕಾಲು ಓಮು. 8 ಓಮಿನ ಸ್ಪೀಕರಿಗೆ ಹೋಗಬೇಕಾದ ಶಕ್ತಿಯಲ್ಲಿ ನೂರಕ್ಕೆ ಒಂಬತ್ತರಷ್ಟು ತಂತಿಯಲ್ಲೇ ಬಿಸಿಯಾಗಿ ಹೋಗುತ್ತದೆ; 4 ಓಮಿನದಾದರೆ ನೂರಕ್ಕೆ ಹದಿನಾರು. 1.5 ಚದರ ಮಿಲಿಮೀಟರಿನದಾದರೆ ತಡೆ ಕಾಲು ಓಮಿಗೆ ಇಳಿದು, 8 ಓಮಿನಲ್ಲಿ ನಷ್ಟ ನೂರಕ್ಕೆ ಮೂರು ಮಾತ್ರ.

ಆದುದರಿಂದ 10 ಮೀಟರಿನವರೆಗೆ 1.5 ಚದರ ಮಿಲಿಮೀಟರು ಸಾಕು. ಅದಕ್ಕೂ ದೂರಕ್ಕೆ, ಅಥವಾ 4 ಓಮಿನ ಸ್ಪೀಕರಿಗೆ, 2.5 ಒಳ್ಳೆಯದು. ತಂತಿ ಆದಷ್ಟೂ ಗಿಡ್ಡವಾಗಿರಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಬಳ್ಳಾರಿಯಲ್ಲಾಗಲಿ ಕೊಳ್ಳುವಾಗ, ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಅದರ ತಡೆ ಹೆಚ್ಚು, ಮುರಿಯುವುದೂ ಬೇಗ. ಚಿನ್ನದ ಲೇಪ, ವಿಶೇಷ ಗುಣವೆಂಬ ಮಾತುಗಳಿಗೆ ಹೆಚ್ಚು ಹಣ ಸುರಿಯಬೇಕಾಗಿಲ್ಲ. ದಪ್ಪ, ಶುದ್ಧ ತಾಮ್ರ, ಗಟ್ಟಿ ಬೆಸುಗೆ, ಇವು ಮೂರಿದ್ದರೆ ಸಾಕು.

ಪ್ಲಗ್ಗಿನ ಗುಣದೋಷ

ಗಿಟಾರಿನಲ್ಲೂ ಸ್ಪೀಕರಿನಲ್ಲೂ ಕಾಣುವ ಕಾಲಿಂಚಿನ, ಅಂದರೆ 6.35 ಮಿಲಿಮೀಟರಿನ ಪ್ಲಗ್ಗು ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜುಗಳಿಂದ ಬಂದದ್ದು. ಸಂಕೇತ ಒಯ್ಯಲು ಹುಟ್ಟಿದ ಇದರ ಮೇಲೆ ಮುಂದೆ ಸ್ಪೀಕರಿನ ಹೊರೆಯನ್ನೂ ಹೊರಿಸಿದರು. ಇದರ ದೋಷವೆಂದರೆ, ಸೇರಿಸುವಾಗ ಅಥವಾ ಎಳೆಯುವಾಗ ಇದರ ತುದಿ ಕ್ಷಣಕಾಲ ಎರಡು ಸಂಪರ್ಕಗಳಿಗೂ ತಾಗಿ ಶಾರ್ಟ್ ಆಗಬಹುದು. ಆದುದರಿಂದ ಆಂಪ್ಲಿಫೈಯರನ್ನು ಆರಿಸಿದ ಬಳಿಕವೇ ಸ್ಪೀಕರಿನ ಪ್ಲಗ್ಗನ್ನು ಮುಟ್ಟಬೇಕು. ಈ ತೊಂದರೆಗಾಗಿಯೇ ನ್ಯೂಟ್ರಿಕ್ ಕಂಪನಿಯವರು 1987ರಲ್ಲಿ ಸ್ಪೀಕಾನ್ ಎಂಬ ಪ್ಲಗ್ಗನ್ನು ತಂದರು. ತಿರುಗಿಸಿದರೆ ಬೀಗದಂತೆ ಕೂರುತ್ತದೆ, ಗಿಟಾರಿನ ತೂತಿಗೆ ಹೋಗುವುದೇ ಇಲ್ಲ. ಪೆಟ್ಟಿಗೆಯಲ್ಲಿ ಅದಕ್ಕೆ ಅವಕಾಶವಿದ್ದರೆ ಅದನ್ನೇ ಆರಿಸಿ.

ವಾಲ್ವಿನ ಆಂಪ್ಲಿಫೈಯರು ಇದ್ದವರು ಒಂದು ಮಾತು ಮರೆಯಬಾರದು: ಸ್ಪೀಕರು ಜೋಡಿಸದೆ ಅದನ್ನು ನುಡಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಹಾಳಾಗುತ್ತದೆ. ಟ್ರಾನ್ಸಿಸ್ಟರಿನದಕ್ಕೆ ಹೇಳಿದ ಓಮಿಗಿಂತ ಕಡಿಮೆ ಓಮಿನ ಸ್ಪೀಕರನ್ನು ಕಟ್ಟಬಾರದು. 8 ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮು ಆಗುತ್ತದೆಂಬುದು ನಮ್ಮ ಮಕ್ಕಳೂ ಮಾಡುವ ಲೆಕ್ಕ. ಗುಡಿಯ ಆಂಪ್ಲಿಫೈಯರಿನಲ್ಲಿ 100 ವೋಲ್ಟ್ ಎಂದು ಬರೆದ ತಿರುಪು ಇರುವುದುಂಟು. ಅದು ಟ್ರಾನ್ಸ್‌ಫಾರ್ಮರ್ ಇರುವ ಹಾರ್ನುಗಳಿಗೆ ಮೀಸಲು. ಗಿಟಾರಿನ ಸ್ಪೀಕರನ್ನು ಅಲ್ಲಿಗೆ ಕಟ್ಟಲೇಬಾರದು.

ಪ್ರಾಣದ ಮಾತು

ಸುಟ್ಟ ಆಂಪ್ಲಿಫೈಯರನ್ನು ಸರಿಪಡಿಸಬಹುದು. ಹೋದ ಪ್ರಾಣ ಮರಳಿ ಬಾರದು. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸೀ ಪಟ್ಟಣದಲ್ಲಿ, ಸ್ಟೋನ್ ದ ಕ್ರೋಸ್ ತಂಡದ ಗಿಟಾರುವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆಯೇ ವಿದ್ಯುದಾಘಾತದಿಂದ ತೀರಿಕೊಂಡರು. ಅವರು ಮುಟ್ಟಿದ ಮೈಕಿಗೆ ಸರಿಯಾದ ಅರ್ತಿಂಗ್ ಇರಲಿಲ್ಲ. ಒಂದು ಕೈ ಗಿಟಾರಿನ ತಂತಿಯ ಮೇಲಿದ್ದು, ಇನ್ನೊಂದು ಕೈ ಮೈಕಿಗೆ ತಾಗಿದಾಗ, ಎರಡರಲ್ಲೊಂದಕ್ಕೆ ದೋಷದಿಂದ ಕರೆಂಟು ಹರಿದಿದ್ದರೆ ವಿದ್ಯುತ್ತು ಎದೆಯ ಮೂಲಕವೇ ಹಾಯುತ್ತದೆ.

ನಮ್ಮ ಊರಹಬ್ಬಗಳಲ್ಲಿ ಏನು ನಡೆಯುತ್ತಿದೆ? ಬರಿ ತಂತಿಯನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವವರಿದ್ದಾರೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ನನ್ನು ಮುರಿದು ಎರಡು ಮಾಡುವವರಿದ್ದಾರೆ. ಆ ಪಿನ್ನು ಉಳಿದವಕ್ಕಿಂತ ಉದ್ದವಾಗಿರುವುದೇ ಅರ್ತಿಂಗ್ ಮೊದಲು ಸೇರಿ ಕೊನೆಗೆ ಬಿಡಲೆಂದು. ಗುಂಯ್ ಸದ್ದು ನಿಲ್ಲಿಸಲೆಂದು ಅರ್ತಿಂಗ್ ಬಿಚ್ಚುವುದು ಇನ್ನೂ ದೊಡ್ಡ ಅಪರಾಧ. ಎಲ್ಲಕ್ಕಿಂತ ಭಯಂಕರವಾದುದು, ಸ್ಪೀಕರಿನ ತಂತಿಯ ತುದಿಗೆ ಕರೆಂಟಿನ ಎರಡು ಪಿನ್ನಿನ ಪ್ಲಗ್ಗು ಕಟ್ಟುವ ರೂಢಿ. ಅರಿಯದ ಮಗು ಅದನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ, ತಂತಿಯ ಇನ್ನೊಂದು ತುದಿಯಲ್ಲಿ 230 ವೋಲ್ಟು ಕಾದು ಕುಳಿತಿರುತ್ತದೆ. ಅಂಥ ಪ್ಲಗ್ಗು ನಿಮ್ಮ ಮನೆಯಲ್ಲೋ ಭಜನೆ ಮಂದಿರದಲ್ಲೋ ಇದ್ದರೆ ಇಂದೇ ಕತ್ತರಿಸಿ ಎಸೆಯಿರಿ. ವೇದಿಕೆಯ ವಿದ್ಯುತ್ತಿಗೆ 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚನ್ನು ಹಾಕಿಸಿ.

ಕೆಂಪು ಪಟ್ಟಿ

ಈಗ ನಮ್ಮ ಶಾಲೆಯ ಕಪಾಟಿನಲ್ಲಿ ತಂತಿಗಳು ಗೊಂದಲವಿಲ್ಲದೆ ಕುಳಿತಿವೆ. ಏಳನೆಯ ತರಗತಿಯ ಮಕ್ಕಳು ಸ್ಪೀಕರಿನ ತಂತಿಗಳ ಎರಡು ತುದಿಗೂ ಕೆಂಪು ಪಟ್ಟಿ ಸುತ್ತಿ "ಸ್ಪೀ" ಎಂದೂ, ಗಿಟಾರಿನವಕ್ಕೆ ಹಸುರು ಪಟ್ಟಿ ಸುತ್ತಿ "ಗಿ" ಎಂದೂ ಕನ್ನಡದಲ್ಲಿ ಬರೆದಿದ್ದಾರೆ.

ಮರುವರ್ಷದ ಉತ್ಸವಕ್ಕೆ ಅದೇ ಹುಡುಗ ಬಂದ. ತಂತಿ ಜೋಡಿಸುವ ಮುನ್ನ ಎರಡು ತುದಿಯನ್ನೂ ನಮ್ಮ ಕಣ್ಣ ಮುಂದೆ ಹಿಡಿದು, "ಸಾರ್, ಕೆಂಪು ಐತಾ ನೋಡಿ" ಎಂದ. ನೋಡಿದೆವು, ಕೆಂಪೇ ಇತ್ತು. ಆ ರಾತ್ರಿ ಮೂರನೆಯ ಹಾಡು ಮುಗಿಯುವವರೆಗೂ ನಾವು ಕುಳಿತುಕೊಳ್ಳಲಿಲ್ಲ. ಅದು ಮುಗಿದ ಮೇಲೆ ಕುಳಿತು, ಉಳಿದುವನ್ನು ನೆಮ್ಮದಿಯಾಗಿ ಕೇಳಿದೆವು.